ಪಾಪರ್ ಕಾಗದ

ನಮ್ಮ ಅಜ್ಜಿ ಕೂನೂರಿಗೆ ಹೋಗಿಬಂದವಳು. ಇಂದು ಈ ಮಾತನ್ನು ಹೇಳಿದರೆ ಕೇಳಿದವರು ನೀಲಗಿರಿಯ ಚಹದ ತೋಟಗಳನ್ನೋ ಬೆಟ್ಟ ಹತ್ತುವ ಪುಟ್ಟ ರೈಲನ್ನೋ ನೆನೆದುಕೊಳ್ಳುತ್ತಾರೆ. ನಾನು ಹುಡುಗನಾಗಿದ್ದಾಗ ನಮ್ಮ ಮನೆಯ ಹಿರಿಯರ ಬಾಯಲ್ಲಿ ಅದಕ್ಕಿದ್ದ ಅರ್ಥ ಒಂದೇ: ಹುಚ್ಚುನಾಯಿಯಿಂದ ಕಚ್ಚಿಸಿಕೊಂಡೂ ಬದುಕಿ ಬಂದವಳು. ಆ ಮಾತಿನ ಬೆನ್ನಿಗೇ ಇನ್ನೊಂದು ಮಾತು ಬರುತ್ತಿತ್ತು. ಅದನ್ನು ಮಾತ್ರ ಸ್ವಲ್ಪ ದನಿ ತಗ್ಗಿಸಿ ಹೇಳುತ್ತಿದ್ದರು. “ಬೋರ್ಡಿನ ದುಡ್ಡಿನಲ್ಲಿ ಹೋದವಳು.”

ಊರಿನ ಬೊಕ್ಕಸದಿಂದ ಒಬ್ಬ ವ್ಯಕ್ತಿಯ ಔಷಧೋಪಚಾರಕ್ಕೆ ಹಣ ಕೊಡುವ ಪದ್ಧತಿ ಎಂದಿನಿಂದ ಬಂತು, ಏಕೆ ಬಂತು, ಯಾರಿಗೆ ಸಿಕ್ಕಿತು, ಯಾರಿಗೆ ಸಿಗದೆ ಹೋಯಿತು ಎಂದು ನಾನು ಹುಡುಕುತ್ತ ಹೊರಟದ್ದು ಆ ತಗ್ಗಿಸಿದ ದನಿಯ ಕಾರಣದಿಂದ. ಹುಡುಕಿದಾಗ ಕಂಡದ್ದರಲ್ಲಿ ಕೆಲವನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಅಜ್ಜಿಯ ಕತೆ ಮೊದಲನೆಯ ಮಹಾಯುದ್ಧದ ಕಾಲದ್ದು. ನಮ್ಮೂರು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅಜ್ಜಿಗೆ ಹದಿನಾರು ವರ್ಷ; ಗಂಡನ ಮನೆಗೆ ಬಂದು ಒಂದು ಮಳೆಗಾಲ ಕಳೆದಿತ್ತಷ್ಟೆ. ಆಟಿ ತಿಂಗಳ ಒಂದು ಸಂಜೆ ಜೊಲ್ಲು ಸುರಿಸುತ್ತ ಅಂಗಳಕ್ಕೆ ನುಗ್ಗಿದ ನಾಯಿಯೊಂದು ಅವಳ ಮೀನಖಂಡಕ್ಕೆ ಬಾಯಿ ಹಾಕಿತು. ಬಿಡಿಸಲು ಬಂದ ಚಿಕ್ಕಮಾವನ, ಎಂದರೆ ಮಾವನ ತಮ್ಮನ, ಅಂಗೈಯನ್ನೂ ಕಚ್ಚಿತು. ಮಾರನೆಯ ದಿನ ನಾಯಿ ಗದ್ದೆಯ ಬದುವಿನಲ್ಲಿ ಸತ್ತುಬಿದ್ದಿತ್ತು. ತಾಲ್ಲೂಕು ಕೇಂದ್ರದ ಡಾಕ್ಟರು ನೋಡಿ, ಇದಕ್ಕೆ ಇಲ್ಲಿ ಮದ್ದಿಲ್ಲ, ಕೂನೂರಿಗೆ ಹೋಗಬೇಕು, ನಿರ್ಗತಿಕರಾದರೆ ರೈಲಿನ ಖರ್ಚನ್ನೂ ಊಟದ ಭತ್ಯವನ್ನೂ ಬೋರ್ಡು ಕೊಡುತ್ತದೆ ಎಂದರು. ನಿರ್ಗತಿಕರೆಂದು ಪಟೇಲರಿಂದ ಬರೆಸಿಕೊಂಡು ಬರಬೇಕು. ಆ ಬರಹಕ್ಕೆ ಜನ ಇಟ್ಟ ಹೆಸರು ‘ಪಾಪರ್ ಕಾಗದ’.

ಅಜ್ಜಿಯ ತಂದೆ ಮದುವೆಮನೆಗಳಲ್ಲಿ ಅಡುಗೆ ಮಾಡಿ ಬದುಕುತ್ತಿದ್ದವರು. ಸುದ್ದಿ ತಿಳಿದ ದಿನವೇ ಪಟೇಲರ ಜಗಲಿಯಲ್ಲಿ ಕೂತರು. ಮದುವೆಯಾಗಿ ಹೊರಟುಹೋದ ಮಗಳನ್ನು ತಂದೆಯ ಮನೆಯವಳೆಂದೇ ಶ್ಯಾನುಭೋಗರು ಬರೆದುಕೊಟ್ಟರಂತೆ. ಸುಳ್ಳೆಂದು ಅವರಿಗೂ ಗೊತ್ತಿತ್ತು. ಚಿಕ್ಕಮಾವನ ವಿಷಯ ಹಾಗಲ್ಲ. ಅವರ ಹೆಸರಿನಲ್ಲಿ ಒಂದು ತುಂಡು ವರ್ಗಭೂಮಿಯಿತ್ತು. ವರ್ಷವರ್ಷವೂ ತೀರ್ವೆ ಕಟ್ಟುತ್ತಿದ್ದರು. ತೀರ್ವೆ ಕಟ್ಟುವವನನ್ನು ನಿರ್ಗತಿಕನೆಂದು ಬರೆಯುವುದು ಹೇಗೆ? ಅವರೂ ಬರೆಸಿಕೊಳ್ಳುವವರಲ್ಲ. ಆದರೆ ಆಟಿ ತಿಂಗಳಲ್ಲಿ ನಮ್ಮ ಕಡೆಯ ರೈತನ ಕೈಯಲ್ಲಿ ನಗದು ಎಲ್ಲಿಂದ ಬರಬೇಕು? ಕೊಯಿಲು ಮುಗಿಯಲಿ, ಆಮೇಲೆ ನೋಡೋಣ ಎಂದರು. ಹಳ್ಳಿಯ ಮದ್ದು ಕಟ್ಟಿಸಿಕೊಂಡರು. ಅಜ್ಜಿ ತಂದೆಯೊಡನೆ ಮಂಗಳೂರಿನಲ್ಲಿ ರೈಲು ಹತ್ತಿ, ಪೋದನೂರು, ಮೆಟ್ಟುಪಾಳ್ಯಗಳನ್ನು ದಾಟಿ ಕೂನೂರು ಸೇರಿ, ಹದಿನೈದು ದಿನ ಅಲ್ಲಿನ ಚಳಿಯಲ್ಲಿ ನಡುಗಿ, ಹೊಟ್ಟೆಯ ತುಂಬ ಸೂಜಿಯ ಗುರುತುಗಳನ್ನು ಹೊತ್ತು ಹಿಂದಿರುಗಿದಳು. ಚಿಕ್ಕಮಾವ ದೀಪಾವಳಿಗೆ ಮುಂಚೆ, ನೀರಿನ ಚೆಂಬನ್ನು ಕಂಡರೆ ಕಿರುಚುತ್ತ, ತೀರಿಕೊಂಡರು. ಮುಪ್ಪಿನಲ್ಲಿ ಅಜ್ಜಿ ಇದನ್ನೆಲ್ಲ ಹೇಳಿ ಮುಗಿಸುವಾಗ ಒಂದೇ ವಾಕ್ಯ ಸೇರಿಸುತ್ತಿದ್ದಳು: “ನನ್ನ ಅಪ್ಪ ಪಾಪರ್ ಆದ್ದರಿಂದ ನಾನು ಉಳಿದೆ.”

ಈ ರೋಗವನ್ನು ನಮ್ಮವರು ಬಲು ಹಿಂದಿನಿಂದ ಬಲ್ಲರು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಹುಚ್ಚುಹಿಡಿದ ಪ್ರಾಣಿಗಳ ಕಡಿತದ ವರ್ಣನೆಯಿದೆ. ಕಚ್ಚಿಸಿಕೊಂಡವನು ನೀರಿಗೆ ಹೆದರತೊಡಗಿದರೆ ಅದು ಮರಣದ ಗುರುತೆಂಬ ಮಾತೂ ಇದೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ. ಈ ಸ್ಥಿತಿ ಇಂದಿಗೂ ಹೆಚ್ಚು ಬದಲಾಗಿಲ್ಲ. ಆದರೆ ಕಡಿತಕ್ಕೂ ಲಕ್ಷಣಕ್ಕೂ ನಡುವೆ ಸಾಮಾನ್ಯವಾಗಿ ಕೆಲವು ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆಯುತ್ತವೆ. ವಿಷಾಣು ನರಗಳ ಹಾದಿ ಹಿಡಿದು ನಿಧಾನವಾಗಿ ಮಿದುಳಿನತ್ತ ನಡೆಯುತ್ತಿರುತ್ತದೆ. ಆ ಬಿಡುವಿನಲ್ಲಿ ಚಿಕಿತ್ಸೆಯಾದರೆ ಮನುಷ್ಯ ಉಳಿಯುತ್ತಾನೆ. ಈ ಸಂಗತಿಯನ್ನು ಉಪಯೋಗಿಸಿಕೊಂಡವರು ಲೂಯಿ ಪಾಶ್ಚರ್. 1885ರ ಜುಲೈ 6ರಂದು ಆಲ್ಸೇಸಿನಿಂದ ಬಂದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರನಿಗೆ ಅವರ ಚುಚ್ಚುಮದ್ದು ಮೊದಲಾಯಿತು, ಹುಡುಗ ಬದುಕಿದ.

ಮೈಸ್ಟರನ ಹೆಸರು ಶಾಲೆಯ ಪುಸ್ತಕಗಳಲ್ಲಿದೆ. ನನ್ನ ವಿಷಯಕ್ಕೆ ಅವನಿಗಿಂತ ಎರಡನೆಯ ಹುಡುಗನೇ ಮುಖ್ಯ. ಅದೇ ವರ್ಷದ ಅಕ್ಟೋಬರಿನಲ್ಲಿ ವಿಲ್ಲೆ-ಫಾರ್ಲೆ ಎಂಬ ಹಳ್ಳಿಯ ಝ್ಯೂಪಿಲ್ ಎಂಬ ಕುರುಬರ ಹುಡುಗ, ಜೊತೆಯ ಚಿಕ್ಕ ಹುಡುಗರನ್ನು ಕಾಪಾಡಲು ಹುಚ್ಚುನಾಯಿಯೊಡನೆ ಹೋರಾಡಿ ಗಾಯಗೊಂಡ. ಪಾಶ್ಚರರಿಗೆ ಆ ಸುದ್ದಿಯನ್ನು ಬರೆದು ತಿಳಿಸಿದವರು ಆ ಊರಿನ ಮೇಯರು. ತನ್ನ ಊರಿನವನಿಗಾಗಿ ಒಂದು ಊರಿನ ಮುಖ್ಯಸ್ಥ ಲೇಖನಿ ಹಿಡಿದದ್ದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ಪಾಶ್ಚರರು ಚಿಕಿತ್ಸೆಗೆ ಹಣ ಕೇಳಲಿಲ್ಲ. ಹಾಗಿದ್ದರೂ ಪ್ಯಾರಿಸು ಪ್ಯಾರಿಸಿನಲ್ಲಿತ್ತು. ಅಲ್ಲಿಯವರೆಗೆ ಹೋಗುವ ಖರ್ಚು ಯಾರದು?

ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ನ್ಯೂಜೆರ್ಸಿಯ ನ್ಯೂವಾರ್ಕ್ ಪಟ್ಟಣದಲ್ಲಿ ನಾಯಿಯೊಂದು ಹಲವು ಮಕ್ಕಳನ್ನು ಕಚ್ಚಿತು. ದುಡಿಮೆಗಾರರ ಮಕ್ಕಳು. ಸ್ಥಳೀಯ ವೈದ್ಯರೊಬ್ಬರು ಪತ್ರಿಕೆಗೆ ಬರೆದು, ಇವರನ್ನು ಪಾಶ್ಚರರಲ್ಲಿಗೆ ಕಳಿಸಬೇಕು, ತಂದೆತಾಯಿಗಳಿಗೆ ಶಕ್ತಿಯಿಲ್ಲ, ಸಾರ್ವಜನಿಕರು ಕೊಡಬೇಕು ಎಂದರು. ಹಣ ಹರಿದುಬಂತು. ನಾಲ್ವರು ಹುಡುಗರು ಹಡಗು ಹತ್ತಿದರು. ಪತ್ರಿಕೆಗಳು ಅವರ ಊಟ ನಿದ್ದೆಗಳನ್ನೂ ವರದಿ ಮಾಡಿದವು. ಹಿಂದಿರುಗಿದ ಮೇಲೆ ಆ ಹುಡುಗರನ್ನು ನ್ಯೂಯಾರ್ಕಿನ ಹತ್ತು ಸೆಂಟಿನ ಪ್ರದರ್ಶನಶಾಲೆಯಲ್ಲಿ ನಿಲ್ಲಿಸಿ ಜನರಿಗೆ ತೋರಿಸಿದರು. ಚಂದಾ ಎತ್ತಿ ಮಾಡುವ ಉಪಕಾರಕ್ಕೆ ಹೀಗೊಂದು ಬಾಲವಿರುತ್ತದೆ. ಮೊದಲ ನಾಲ್ಕು ಹುಡುಗರಿಗೆ ದೇಶವೇ ಕಣ್ಣೀರಿಟ್ಟು ಕೊಟ್ಟಿತು. ನಲವತ್ತನೆಯವನಿಗೆ ಯಾರು ಕೊಡುತ್ತಾರೆ?

ಈ ಪ್ರಶ್ನೆಗೆ ಊರಿನ ಆಡಳಿತವೇ ಉತ್ತರ ಕೊಟ್ಟ ಒಂದು ನಿದರ್ಶನ ನನಗೆ ಸಿಕ್ಕಿದ್ದು ರಷ್ಯದಲ್ಲಿ. 1886ರ ಮಾರ್ಚಿಯಲ್ಲಿ ಸ್ಮೋಲೆನ್ಸ್ಕ್ ಪ್ರಾಂತದಿಂದ ತೋಳ ಕಚ್ಚಿದ ಹತ್ತೊಂಬತ್ತು ಮಂದಿ ಪ್ಯಾರಿಸಿಗೆ ಬಂದರು. ಮೂವರು ಸತ್ತು ಹದಿನಾರು ಮಂದಿ ಉಳಿದರು. ಅಷ್ಟು ದೂರದಿಂದ ಜನರನ್ನು ಸಾಗಿಸುವುದಕ್ಕಿಂತ ಮದ್ದನ್ನೇ ಊರಿಗೆ ತರುವುದು ಮೇಲೆಂದು ಒಡೆಸ್ಸಾ ನಗರದವರಿಗೆ ತೋರಿತು. ಅಲ್ಲಿನ ವೈದ್ಯರ ಸಂಘ ಗಮಲೇಯಾ ಎಂಬ ತರುಣ ವೈದ್ಯರನ್ನು ಪಾಶ್ಚರರಲ್ಲಿಗೆ ಕಲಿಯಲು ಕಳಿಸಿತು. ಅದೇ ವರ್ಷ ಒಡೆಸ್ಸಾ ನಗರಸಭೆಯೂ ಖೆರ್ಸೋನ್ ಪ್ರಾಂತದ ಜೆಮ್ಸ್‌ತ್ವೊ ಎಂಬ ಸಂಸ್ಥೆಯೂ ಹಣ ಕೊಟ್ಟು ಚಿಕಿತ್ಸಾಕೇಂದ್ರವೊಂದನ್ನು ತೆರೆದವು. ಜೆಮ್ಸ್‌ತ್ವೊ ಎಂದರೆ ಹೆಚ್ಚುಕಡಿಮೆ ನಮ್ಮ ಹಳೆಯ ಜಿಲ್ಲಾ ಬೋರ್ಡಿನಂಥದು. ಕೇಂದ್ರದ ಮೊದಲ ಮುಖ್ಯಸ್ಥರು ಮುಂದೆ ನೊಬೆಲ್ ಪಾರಿತೋಷಕ ಪಡೆದ ಮೆಚ್‌ನಿಕೋವ್. ಹಣ ಕೊಟ್ಟವರಿಗೂ ವಿಜ್ಞಾನಿಗೂ ಹೊಂದಲಿಲ್ಲ. ಎರಡೇ ವರ್ಷಗಳಲ್ಲಿ ಅವರು ಪ್ಯಾರಿಸಿಗೆ ಹೊರಟುಹೋದರು. ಅದು ಬೇರೆ ಕತೆ.

ಇಲ್ಲಿ ಒಂದು ಸಂದೇಹ ಬರಬೇಕು. ಪ್ಲೇಗು, ಸಿಡುಬು, ಕಾಲರಾಗಳಿಗೆ ಪುರಸಭೆಗಳು ಖರ್ಚು ಮಾಡಿದವು, ಅದರಲ್ಲಿ ಆಶ್ಚರ್ಯವಿಲ್ಲ. ಬಡವನ ಗುಡಿಸಲಿನ ಪ್ಲೇಗು ಸಾಹುಕಾರನ ಮಹಡಿಗೂ ಹತ್ತುತ್ತದೆ. ಆ ಖರ್ಚಿನಲ್ಲಿ ಕೊಡುವವನ ಆತ್ಮರಕ್ಷಣೆಯೂ ಸೇರಿರುತ್ತದೆ. ಹುಚ್ಚುನಾಯಿ ಕಚ್ಚಿದ ಮನುಷ್ಯ ಹಾಗಲ್ಲ. ಅವನಿಂದ ಬೀದಿಯವರಿಗೆ ರೋಗ ಹರಡುವುದಿಲ್ಲ. ಅವನನ್ನು ಉಳಿಸಿದರೆ ಉಳಿಯುವವನು ಅವನೊಬ್ಬನೇ. ಹಾಗಿದ್ದೂ ಕೃಪಣತೆಗೆ ಹೆಸರಾದ ಸ್ಥಳೀಯ ಬೊಕ್ಕಸಗಳು ದೇಶದೇಶಗಳಲ್ಲಿ ಈ ಒಂದು ರೋಗಕ್ಕೆ ಬಾಯಿ ಬಿಚ್ಚಿದ್ದು ಏಕೆ? ಆ ಸಾವಿನ ಭೀಕರತೆ ಒಂದು ಕಾರಣವಿರಬೇಕು. ಚಿಕಿತ್ಸೆಯ ಫಲ ನಿಶ್ಚಿತವಾಗಿದ್ದದ್ದು ಇನ್ನೊಂದು. ಮೂರನೆಯದು ನನ್ನ ಊಹೆ: ಕಚ್ಚಿದ ನಾಯಿ ಊರಿನದು, ಕಚ್ಚಿದ ಜಾಗ ಊರಿನ ಬೀದಿ. ಬೀದಿಯನ್ನು ಕಾಯಬೇಕಾದವರು ಕಾಯಲಿಲ್ಲವೆಂಬ ಅಪರಾಧಪ್ರಜ್ಞೆ ಎಲ್ಲೋ ಒಳಗೆ ಕೆಲಸಮಾಡಿದೆ.

ಈ ಊಹೆಗೆ ಆಧಾರ ಅಮೆರಿಕದ ಶಾಸನಗಳಲ್ಲಿದೆ. ಅಲ್ಲಿ ಕೌಂಟಿಯೆಂಬುದು ನಮ್ಮ ಜಿಲ್ಲೆಯನ್ನು ಹೋಲುವ ಆಡಳಿತದ ಘಟಕ. ನಿರ್ಗತಿಕರ ಪೋಷಣೆ ಊರಿನವರ ಹೊಣೆಯೆಂಬ ತತ್ತ್ವ ಇಂಗ್ಲೆಂಡಿನ 1601ರ ಬಡವರ ಕಾಯಿದೆಯಿಂದ ವಲಸೆಗಾರರೊಡನೆ ಅಲ್ಲಿಗೆ ಹೋಗಿ, ಹಲವೆಡೆ ಕೌಂಟಿಯ ಹೆಗಲಿಗೆ ಬಿತ್ತು. ಅದರ ಜೊತೆಗೆ ನಾಯಿತೆರಿಗೆ. ನಾಯಿ ಸಾಕಿದವರು ವರ್ಷಕ್ಕಿಷ್ಟು ಕಟ್ಟಬೇಕು. ಆ ಹಣ ಪ್ರತ್ಯೇಕ ನಿಧಿಯಾಗಿರಬೇಕು. ನಾಯಿಗಳು ಕೊಂದ ಕುರಿಗಳ ಬೆಲೆಯನ್ನು ಕುರಿಯ ಒಡೆಯನಿಗೆ ಅದರಿಂದ ಕೊಡಬೇಕು. ಕುರಿಗೆ ಪರಿಹಾರ ಕೊಡುವ ಪುಸ್ತಕದಲ್ಲಿ ಮನುಷ್ಯನಿಗೂ ಒಂದು ಪುಟ ತೆರೆಯುವುದು ಕಷ್ಟವಾಗಲಿಲ್ಲ. ಓಹಾಯೋ ಸಂಸ್ಥಾನದ ಶಾಸನ ಇದಕ್ಕೆ ಒಳ್ಳೆಯ ಮಾದರಿ. ಹುಚ್ಚುಹಿಡಿದ ಪ್ರಾಣಿಯಿಂದ ಗಾಯಗೊಂಡವನು ವೈದ್ಯರ ಖರ್ಚನ್ನು ಬಾಬುವಾರಾಗಿ ಬರೆದು, ಗಾಯವಾದ 4 ತಿಂಗಳೊಳಗೆ ಕೌಂಟಿಯ ಆಯುಕ್ತರ ಸಭೆಯ ಮುಂದಿಡಬಹುದು. ಅವರು ಪರೀಕ್ಷಿಸಿ 1,500 ಡಾಲರು ಮೀರದಂತೆ ಮಂಜೂರು ಮಾಡಬಹುದು ಎಂದು ಅದು ಗೊತ್ತುಮಾಡಿತು. ಮನುಷ್ಯನ ಗಾಯವನ್ನೂ ಲೆಕ್ಕಕ್ಕೆ ಹಿಡಿದ ಶಾಸನಕರ್ತನ ಬಗ್ಗೆ ನನಗೆ ಗೌರವವುಂಟು.

ನ್ಯೂಯಾರ್ಕ್ ಸಂಸ್ಥಾನದ ಕತೆ ಇನ್ನೂ ವಿಚಿತ್ರ. ರಕೂನ್ ಎಂಬುದು ಆ ದೇಶದ ಒಂದು ಕಾಡುಪ್ರಾಣಿ. ಬೆಕ್ಕಿಗಿಂತ ದೊಡ್ಡದು, ಕಣ್ಣುಗಳ ಸುತ್ತ ಕಳ್ಳನ ಮುಖವಾಡದಂಥ ಕಪ್ಪು ಪಟ್ಟೆ. ದಕ್ಷಿಣದ ಸಂಸ್ಥಾನಗಳ ರಕೂನುಗಳಲ್ಲಿ ಈ ರೋಗವಿತ್ತು. ಬೇಟೆಯ ಮೋಜಿಗಾಗಿ ಅವುಗಳನ್ನು ಉತ್ತರಕ್ಕೆ ಸಾಗಿಸಿ ಕಾಡಿಗೆ ಬಿಟ್ಟರು. 1977ರಲ್ಲಿ ಪಶ್ಚಿಮ ವರ್ಜೀನಿಯದಲ್ಲಿ ಕಾಣಿಸಿಕೊಂಡ ರೋಗ ವರ್ಷವರ್ಷವೂ ಮುಂದೆ ಸರಿಯುತ್ತ 1990ರಲ್ಲಿ ನ್ಯೂಯಾರ್ಕಿಗೆ ಬಂತು. ಅದುವರೆಗೆ ವರ್ಷಕ್ಕೆ ನೂರರೊಳಗೆ ಇದ್ದ ಚುಚ್ಚುಮದ್ದಿನ ಪ್ರಕರಣಗಳು ಕೆಲವೇ ವರ್ಷಗಳಲ್ಲಿ ಸಾವಿರವನ್ನು ದಾಟಿದವು. ಅಲ್ಲಿನ ಏರ್ಪಾಡಿನಂತೆ ವಿಮೆಯಿದ್ದವರ ಖರ್ಚನ್ನು ಮೊದಲು ವಿಮೆಯ ಕಂಪನಿ ಕೊಡಬೇಕು. ವಿಮೆಯಿಲ್ಲದವರ ಖರ್ಚು ಕೌಂಟಿಯದು. ಸಂಸ್ಥಾನ ಅದರಲ್ಲಿ ಒಂದು ಪಾಲನ್ನು ತುಂಬಿಕೊಡುತ್ತದೆ. ಆದರೆ ಚಿಕಿತ್ಸೆಗೆ ಕೌಂಟಿಯ ಆರೋಗ್ಯಾಧಿಕಾರಿಯ ಒಪ್ಪಿಗೆ ಇರಬೇಕು. ಒಪ್ಪಿಗೆಯಿಲ್ಲದೆ ಚುಚ್ಚಿಸಿಕೊಂಡವನ ಬಿಲ್ಲು ಅವನದೇ.

ಒಂದು ಪಟ್ಟಣದಲ್ಲಿ ಎಷ್ಟು ಮಂದಿಗೆ ಒಮ್ಮೆಲೇ ಇಂಥ ಮದ್ದು ಬೇಕಾದೀತೆಂದು ಯಾರೂ ಮೊದಲೇ ಹೇಳಲಾರರು. 1994ರ ಅಕ್ಟೋಬರಿನಲ್ಲಿ ನ್ಯೂಹ್ಯಾಂಪ್‌ಷೈರಿನ ಕಾಂಕರ್ಡಿನಲ್ಲಿ ಸಾಕುಪ್ರಾಣಿಗಳ ಅಂಗಡಿಯಿಂದ ಹೋದ ಒಂದು ಬೆಕ್ಕಿನ ಮರಿಗೆ ಈ ರೋಗವಿತ್ತೆಂದು ತಿಳಿದುಬಂತು. ಆ ಅಂಗಡಿಗೆ ಬಂದವರು, ಮರಿಗಳನ್ನು ಎತ್ತಿ ಮುದ್ದಿಸಿದವರು ಎಂದು ಲೆಕ್ಕಹಾಕಿದಾಗ ಮದ್ದು ಹಾಕಿಸಿಕೊಂಡವರು 665 ಜನ. ಖರ್ಚು ಹತ್ತು ಲಕ್ಷ ಡಾಲರನ್ನು ಮೀರಿತು. ಹಿಡಿಯಷ್ಟು ಗಾತ್ರದ ಒಂದು ಮರಿ!

ಅಮೆರಿಕದಲ್ಲಿ ಈ ರೋಗದಿಂದ ಸಾಯುವವರು ಸಾಮಾನ್ಯವಾಗಿ ವರ್ಷಕ್ಕೆ ಹತ್ತಕ್ಕಿಂತ ಕಡಿಮೆ. ಮದ್ದು ಹಾಕಿಸಿಕೊಳ್ಳುವವರು ಹತ್ತಾರು ಸಾವಿರ. ಕೌಂಟಿಯ ಹಣಕ್ಕೆ ಸಂದ ಫಲ ಇದರಲ್ಲಿದೆ. ಆದರೂ ಆ ವ್ಯವಸ್ಥೆಯಲ್ಲಿ ನನ್ನನ್ನು ಕಾಡಿದ ಬಿರುಕೊಂದಿದೆ. 2018ರಲ್ಲಿ ಫ್ಲಾರಿಡಾದಲ್ಲಿ ಬೆಕ್ಕು ಕಚ್ಚಿದ ಒಬ್ಬರ ಆಸ್ಪತ್ರೆಯ ಬಿಲ್ಲು 48 ಸಾವಿರ ಡಾಲರನ್ನು ಮೀರಿದ್ದು ಪತ್ರಿಕೆಗಳಲ್ಲಿ ಬಂತು. ಅವರಿಗೆ ವಿಮೆ ಇತ್ತು. ಸಂಪೂರ್ಣ ನಿರ್ಗತಿಕನಿಗೆ ಸರಕಾರವಿದೆ, ಸಿರಿವಂತನಿಗೆ ಚೆಕ್ಕಿನ ಪುಸ್ತಕವಿದೆ. ನಡುವೆ ಇರುವವನು, ಕಾಗದದ ಮೇಲೆ ಇದ್ದವನು, ಕೈಯಲ್ಲಿ ಇಲ್ಲದವನು ಎಲ್ಲಿಗೆ ಹೋಗಬೇಕು? ವರದಿಯನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದವರು ವರ್ಗಭೂಮಿಯ ಚಿಕ್ಕಮಾವ.

ಕೂನೂರಿಗೆ ಮರಳೋಣ. ಈ ಚಿಕಿತ್ಸೆಗೆ ನಮ್ಮ ದೇಶದಲ್ಲಿ ಮೊದಲು ನೆಲೆ ಸಿಕ್ಕಿದ್ದು 1900ರಲ್ಲಿ, ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ. ಅದಕ್ಕೆ ಮುಂಚೆ ಹುಚ್ಚುನಾಯಿ ಕಚ್ಚಿದ ಬಿಳಿಯ ಸಿಪಾಯಿಗಳನ್ನು ಪ್ಯಾರಿಸಿಗೆ ಕಳಿಸುವುದಿತ್ತು. ಕರಿಯರನ್ನು ಎಲ್ಲಿಗೆ ಕಳಿಸುತ್ತಿದ್ದರೆಂದು ಕೇಳುವ ಅಗತ್ಯವಿಲ್ಲ. ದಕ್ಷಿಣದವರಿಗೆ ಕಸೌಲಿಯೂ ಪ್ಯಾರಿಸಿನಷ್ಟೇ ದೂರ. 1902ರಲ್ಲಿ ಮದರಾಸು ಪ್ರಾಂತದ ಇಂಗ್ಲಿಷ್ ಅಧಿಕಾರಿಯೊಬ್ಬರ ಮಗಳು ಈ ರೋಗದಿಂದ ಸತ್ತಳು. ಆಮೇಲೆ ಕೆಲಸ ಚುರುಕಾಯಿತು. ಹೆನ್ರಿ ಫಿಪ್ಸ್ ಎಂಬ ಅಮೆರಿಕದ ಧನಿಕ ಕೊಟ್ಟಿದ್ದ ದಾನದಿಂದ ಲಾರ್ಡ್ ಕರ್ಜನ್ ಒಂದು ಲಕ್ಷ ರೂಪಾಯಿಯನ್ನು ಇದಕ್ಕೆ ತೆಗೆದಿಟ್ಟರು. ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ ಕೂನೂರಿನಲ್ಲಿ 1907ರ ಏಪ್ರಿಲಿನಲ್ಲಿ ಆರಂಭವಾಯಿತು. ಬೆಟ್ಟದ ರೈಲು ಅಲ್ಲಿಗೆ 1899ರಲ್ಲೇ ಬಂದಿತ್ತು. ಮಂಗಳೂರಿಗೆ ರೈಲು ಬಂದದ್ದೂ 1907ರಲ್ಲೇ. ಹತ್ತು ವರ್ಷ ಮುಂಚೆ ಆ ನಾಯಿ ಕಚ್ಚಿದ್ದರೆ ಅಜ್ಜಿಯಿರುತ್ತಿರಲಿಲ್ಲ, ನಾನೂ ಇರುತ್ತಿರಲಿಲ್ಲ.

ಸಂಸ್ಥೆಯಲ್ಲಿ ಮದ್ದು ಇತ್ತು. ರೋಗಿಗಳು ದಕ್ಷಿಣದ ಹಳ್ಳಿಹಳ್ಳಿಗಳಲ್ಲಿದ್ದರು. ನಡುವಣ ದೂರವನ್ನು ತುಂಬಬೇಕಾದವರು ಸ್ಥಳೀಯ ಬೋರ್ಡುಗಳು ಮತ್ತು ಪುರಸಭೆಗಳು. ಬಡರೋಗಿಗಳ ಪ್ರಯಾಣದ ವೆಚ್ಚ ಅವುಗಳ ಲೆಕ್ಕಕ್ಕೆ ಬಿತ್ತು. ಬಡವನೆಂದು ಹೇಳಲು ಒಬ್ಬ, ನಾಯಿ ಹುಚ್ಚಿನದೆಂದು ಹೇಳಲು ಒಬ್ಬ, ಟಿಕೀಟಿನ ಅಪ್ಪಣೆಗೆ ಒಬ್ಬ. ಒಂದೊಂದು ಸಹಿಗೂ ಒಂದೊಂದು ದಿನ. ಅಜ್ಜಿಯ ತಂದೆಗೆ ಇದಕ್ಕೆಲ್ಲ ಹಿಡಿದದ್ದು ಐದು ದಿನ. ಆ ಐದು ದಿನವೂ ಅವರು ಊಟ ಮಾಡಲಿಲ್ಲವಂತೆ. ಅಡುಗೆಯವರು ಉಪವಾಸವಿದ್ದರೆಂದು ಅಜ್ಜಿ ನಗುತ್ತ ಹೇಳುತ್ತಿದ್ದಳು.

ಈ ಸಹಿಗಳ ಸಂಕೋಲೆಯನ್ನು ಬಿಚ್ಚಿದ್ದು ಯಾವ ಶಾಸನವೂ ಅಲ್ಲ, ಕಾರ್ಬಾಲಿಕ್ ಆಮ್ಲ. ಕಸೌಲಿಯ ಡೇವಿಡ್ ಸೆಂಪಲ್ 1911ರಲ್ಲಿ ಕುರಿಯ ಮಿದುಳಿನಿಂದ, ವಿಷಾಣುವನ್ನು ಕಾರ್ಬಾಲಿಕ್ ಆಮ್ಲದಲ್ಲಿ ಕೊಂದು, ಲಸಿಕೆ ತಯಾರಿಸುವ ವಿಧಾನವನ್ನು ಕಂಡುಹಿಡಿದರು. ಅದನ್ನು ಸೀಸೆಯಲ್ಲಿ ತುಂಬಿ ದೂರಕ್ಕೆ ಕಳಿಸಬಹುದಿತ್ತು. ಮುಂದಿನ ದಶಕಗಳಲ್ಲಿ ಚಿಕಿತ್ಸೆ ಕೂನೂರನ್ನು ಬಿಟ್ಟು ಜಿಲ್ಲೆಯ ಆಸ್ಪತ್ರೆಗಳಿಗೂ ಆಮೇಲೆ ತಾಲ್ಲೂಕುಗಳಿಗೂ ಇಳಿಯಿತು. ನನ್ನ ಬಾಲ್ಯದಲ್ಲಿ ನನಗೂ ನಾಯಿ ಕಚ್ಚಿ, ಹೊಟ್ಟೆಯ ಮೇಲೆ 14 ಸೂಜಿಗಳಾದವು. ಹೊಕ್ಕುಳಿನ ಸುತ್ತ ಕಂಪೌಂಡರು ಎಡಕ್ಕೊಂದು ಬಲಕ್ಕೊಂದು ಎಂದು ಹಂಚುತ್ತಿದ್ದರು. ಅಜ್ಜಿ ದಿನವೂ ಜೊತೆಗೆ ಬಂದು, ಆಸ್ಪತ್ರೆಯ ಜಗಲಿಯಲ್ಲಿ ಕೂತು, ತನ್ನ ಹೊಟ್ಟೆಯನ್ನು ತಾನೇ ಸವರಿಕೊಳ್ಳುತ್ತಿದ್ದಳು. ಆ ಲಸಿಕೆಯಿಂದ ಕೆಲವರಿಗೆ ಪಾರ್ಶ್ವವಾಯುವಿನಂಥ ಅಪಾಯವೂ ಒದಗುತ್ತಿತ್ತು. ಆದರೂ ನಮ್ಮ ದೇಶದಲ್ಲಿ ಅದರ ಬಳಕೆ ನಿಂತದ್ದು 2004-05ರಷ್ಟು ತಡವಾಗಿ. ಬಡವರ ಲಸಿಕೆಗಳಿಗೆ ಆಯುಷ್ಯ ಹೆಚ್ಚು.

ಬೀದಿಯ ನಾಯಿಗೆ ಯಾರು ಹೊಣೆಯೆಂಬ ಜಗಳವೂ ಹೊಸದಲ್ಲ. 1926ರಲ್ಲಿ ಅಹಮದಾಬಾದಿನ ಗಿರಣಿ ಮಾಲೀಕರೊಬ್ಬರು ತಮ್ಮ ಗಿರಣಿಯ ಆವರಣದಲ್ಲಿ ಸೇರಿದ್ದ 60 ನಾಯಿಗಳನ್ನು ಕೊಲ್ಲಿಸಿದರು. ಗಾಂಧೀಜಿ ಅದನ್ನು ಅನಿವಾರ್ಯವೆಂದು ಸಮರ್ಥಿಸಿದಾಗ ದೇಶದಾದ್ಯಂತ ಕೋಪದ ಪತ್ರಗಳು ಬಂದವು. ‘ಯಂಗ್ ಇಂಡಿಯಾ’ದಲ್ಲಿ ವಾರವಾರವೂ ಉತ್ತರ ಬರೆಯುತ್ತ ಅವರು ಅಹಮದಾಬಾದಿನ ಆಸ್ಪತ್ರೆಗೆ ಒಂದೇ ವರ್ಷದಲ್ಲಿ ನಾಯಿಕಡಿತಕ್ಕೆ ಸಾವಿರಕ್ಕೂ ಹೆಚ್ಚು ಜನ ಬಂದದ್ದನ್ನು ಎತ್ತಿ ತೋರಿಸಿದರು. ಒಡೆಯನಿಲ್ಲದ ನಾಯಿ ಬೀದಿಯಲ್ಲಿರುವುದು ನಾಯಿಯ ತಪ್ಪಲ್ಲ, ಊರಿನ ತಪ್ಪು. ದಾರಿಯಲ್ಲಿ ಒಂದು ತುತ್ತು ಎಸೆದು ಪುಣ್ಯ ಕಟ್ಟಿಕೊಂಡು ಹೋಗುವವರು ದಯಾಳುಗಳಲ್ಲ ಎಂಬುದು ಅವರ ವಾದದ ತಿರುಳು. ಅವರ ತೀರ್ಮಾನವನ್ನು ಒಪ್ಪದವರೂ ಈ ಮಾತಿಗೆ ಉತ್ತರ ಹೇಳಬೇಕಾಗುತ್ತದೆ.

ಈಚಿನ ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 2003ರ ಸಮೀಕ್ಷೆಯೊಂದು ಭಾರತದಲ್ಲಿ ವರ್ಷಕ್ಕೆ 20,565 ಜನ ಈ ರೋಗದಿಂದ ಸಾಯುತ್ತಾರೆಂದು ಅಂದಾಜು ಮಾಡಿತ್ತು. ಬೆಂಗಳೂರಿನ ವೈದ್ಯರು ಮುಂದೆ ನಿಂತು ನಡೆಸಿದ ಕೆಲಸ ಅದು. 2024ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯ ಅಂದಾಜು 5,726. ಇಳಿದಿದೆ, ಸಂತೋಷ. ಆದರೆ ಅದೇ ಸಮೀಕ್ಷೆಯಲ್ಲಿ ನಾಯಿ ಕಚ್ಚಿದ ಐವರಲ್ಲಿ ಒಬ್ಬರು ಲಸಿಕೆಯನ್ನೇ ಹಾಕಿಸಿಕೊಂಡಿರಲಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಲಸಿಕೆಗೆ ದುಡ್ಡು ಕೊಡಬೇಕಿಲ್ಲದ ಕಾಲದಲ್ಲಿ ಹೀಗೆ. ಕರ್ನಾಟಕ ಸರಕಾರ 2022ರಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿತು. 2023ರ ನವೆಂಬರಿನಲ್ಲಿ ಪಂಜಾಬ್ ಮತ್ತು ಹರಿಯಾಣದ ಉಚ್ಚ ನ್ಯಾಯಾಲಯ, ನಾಯಿ ಕಚ್ಚಿದರೆ ಒಂದೊಂದು ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ ಪರಿಹಾರ ಸಲ್ಲಬೇಕು, ಮೊದಲ ಹೊಣೆ ಸರಕಾರದ್ದು ಎಂದು ತೀರ್ಪು ಕೊಟ್ಟಿತು. ಹಲ್ಲುಗಳನ್ನು ಎಣಿಸುವ ಈ ನ್ಯಾಯವನ್ನು ಓದಿ ನನಗೆ ಮೊದಲು ನಗು ಬಂತು. ಆಮೇಲೆ ಓಹಾಯೋದ ಶಾಸನಕರ್ತ ನೆನಪಾದ. ಎಣಿಸದೆ ಕೊಡುವುದು ಬೊಕ್ಕಸಗಳಿಗೆ ಗೊತ್ತಿಲ್ಲ.

ಪರಿಹಾರದ ಹಣ ಕಡಿತದ ನಂತರ ಎಂದೋ ಬರುವಂಥದು. ಚಿಕಿತ್ಸೆ ಇಂದೇ ಆಗಬೇಕಾದದ್ದು. ಗಾಯವನ್ನು ಸಾಬೂನಿನಲ್ಲಿ ಹದಿನೈದು ನಿಮಿಷ ಚೆನ್ನಾಗಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಆಳವಾದ ಗಾಯಕ್ಕೆ ಲಸಿಕೆಯ ಜೊತೆಗೆ ಪ್ರತಿವಿಷದ ಚುಚ್ಚುಮದ್ದೂ ಬೇಕು, ಅದಕ್ಕೆ ಬೆಲೆ ಹೆಚ್ಚು. ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆಲಸದಾಕೆಯ ಮಗನಿಗೆ ನಾಯಿ ಕಚ್ಚಿದಾಗ ನಾನು ಅವರೊಡನೆ ಒಂದು ಆಸ್ಪತ್ರೆಗೆ ಹೋದೆ. ಲಸಿಕೆ ಇದೆ, ಪ್ರತಿವಿಷ ತೀರಿದೆ, ಹೊರಗೆ ಕೊಂಡುತನ್ನಿ, ಇಲ್ಲವೇ ಜಿಲ್ಲಾ ಆಸ್ಪತ್ರೆಗೆ ಹೋಗಿ. ಅಲ್ಲಿಗೆ ಕಾರ್ಡು ತೆಗೆದುಕೊಂಡು ಹೋಗಿ ಎಂದರು. ಕಾರ್ಡಿನಲ್ಲಿ ಹುಡುಗನ ಹೆಸರು ಸೇರಿರಲಿಲ್ಲ. ತಾಯಿ ನನ್ನ ಮುಖ ನೋಡಿದಳು. ನನ್ನ ಬಳಿ ಆ ದಿನ ದುಡ್ಡಿತ್ತು, ಔಷಧದಂಗಡಿ ಎದುರಿಗೇ ಇತ್ತು. ಹುಡುಗ ಈಗ ಕಾಲೇಜಿನಲ್ಲಿ ಓದುತ್ತಿದ್ದಾನೆ. ದಾರಿಯಲ್ಲಿ ಆಕೆ, “ಕಾರ್ಡಿನಲ್ಲಿ ಹೆಸರು ಸೇರಿಸಲು ನಾಲ್ಕು ಸಲ ಅಲೆದೆ ಸ್ವಾಮಿ” ಎಂದಳು. ಅಜ್ಜಿಯ ಪಾಲಿನ ಶ್ಯಾನುಭೋಗರು ನೆನಪಾದರು. ಅವರ ಸುಳ್ಳು ಬರಹದಿಂದ ಒಂದು ಜೀವ ಉಳಿದಿತ್ತು.

ಅಜ್ಜಿ ಎಪ್ಪತ್ತು ದಾಟಿ ಬದುಕಿದಳು. ತಾಲ್ಲೂಕು ಬೋರ್ಡು ಎಂದೋ ಹೋಗಿತ್ತು. ನಮ್ಮೂರಿಗೆ ಪಂಚಾಯತಿ ಬಂದಿತ್ತು. ಮನೆತೆರಿಗೆಯ ಬಿಲ್ಲನ್ನು ಹಿಡಿದು ಪಂಚಾಯತಿಯ ಜವಾನ ಮನೆಮನೆಗೆ ಅಲೆಯುವುದು ವಾಡಿಕೆ; ನಮ್ಮ ಮನೆಗೆ ಮಾತ್ರ ಅವನು ಬರಬೇಕಾದ ಪ್ರಸಂಗ ಬರಲಿಲ್ಲ. ಏಪ್ರಿಲ್ ತಿಂಗಳು ಹುಟ್ಟಿದೊಡನೆ ಅಜ್ಜಿ ಸೆರಗಿನ ಗಂಟು ಬಿಚ್ಚಿ ತೆರಿಗೆಯ ಹಣವನ್ನು ನನ್ನ ಕೈಯಲ್ಲಿ ಕಳಿಸುತ್ತಿದ್ದಳು. ಅದರ ಮೇಲೆ ನಾಲ್ಕಾಣೆ ಹೆಚ್ಚಿಗೆ ಇಡುತ್ತಿದ್ದಳು. “ಅದು ಕೂನೂರಿನ ರೈಲಿನ ಬಾಬ್ತು ಎಂದು ಹೇಳು” ಎನ್ನುತ್ತಿದ್ದಳು. ಗುಮಾಸ್ತರು ಪ್ರತಿ ವರ್ಷವೂ ನಕ್ಕು, ರಸೀತಿಯಲ್ಲಿ ಅದಕ್ಕೆ ಕಾಲಂ ಇಲ್ಲವೆಂದು ನಾಲ್ಕಾಣೆಯನ್ನು ಹಿಂದಕ್ಕೆ ಕೊಡುತ್ತಿದ್ದರು. ಅದರಲ್ಲಿ ನಾನು ಪೆಪ್ಪರಮೆಂಟು ಕೊಂಡು ದಾರಿಯಲ್ಲೇ ತಿಂದು ಮುಗಿಸುತ್ತಿದ್ದೆ. ಅಜ್ಜಿಗೆ ಕೊನೆಯವರೆಗೂ ಇದನ್ನು ಹೇಳಲಿಲ್ಲ.